ಚಿತ್ರದ ಜೊತೆಗೆ ಅದು ಆದ ಬಗೆಯೂ ಅಚ್ಚಾಗಲಿ

ಮಾನ್ಯರೆ,

ಪತ್ರಿಕೆಯ ಕಲಾಪುಟವನ್ನು ಬಹುಕಾಲದಿಂದ ತಪ್ಪದೆ ಓದುತ್ತ ಬಂದವನಾಗಿ, ಅದರಲ್ಲಿ ಮತ್ತೆಮತ್ತೆ ಎದ್ದು ಕಾಣುವ ಒಂದು ಕೊರತೆಯ ಕಡೆಗೆ ತಮ್ಮ ಗಮನ ಸೆಳೆಯಬಯಸುತ್ತೇನೆ. ಛಾಯಾಚಿತ್ರಗಳ ಪ್ರದರ್ಶನವಾಗಲಿ, ಚಿತ್ರಕಲೆ, ಮುದ್ರಣಕಲೆ, ಕೊಲಾಜ್‌ಗಳ ಪ್ರದರ್ಶನವಾಗಲಿ, ಕಲಾವಿದರು ಪ್ರಯೋಗಶೀಲರೆಂದೂ ಕೃತಿಗಳು ವಿನೂತನವೆಂದೂ ವರದಿ ಹೇಳುತ್ತದೆ. ಆದರೆ ಅವರು ಯಾವುದನ್ನು ಪ್ರಯೋಗಕ್ಕೆ ಒಡ್ಡಿದರು, ಯಾವ ಸಾಮಗ್ರಿಯನ್ನು ಹಿಡಿದರು, ಏನನ್ನು ಬದಲಿಸಿ ಏನನ್ನು ಹಾಗೆಯೇ ಉಳಿಸಿಕೊಂಡು ಕೆಲಸ ಮಾಡಿದರು ಎಂಬುದು ವರದಿಯಲ್ಲಿ ಸಿಗುವುದಿಲ್ಲ. ಚಿತ್ರದ ಅಡಿಬರಹದಲ್ಲಿ ಕಲಾವಿದರ ಹೆಸರಷ್ಟೇ ಇರುತ್ತದೆ. ಮಾಧ್ಯಮ, ಅಳತೆ, ವರ್ಷ ಮೂರೂ ಬಿಟ್ಟುಹೋಗಿರುತ್ತವೆ. ಅಂಗೈಯಗಲದ ಎಚ್ಚಿಂಗ್ (ಲೋಹದ ಫಲಕದಿಂದ ತೆಗೆದ ಅಚ್ಚುಚಿತ್ರ) ಮತ್ತು ಗೋಡೆ ತುಂಬುವ ತೈಲಚಿತ್ರ ಎರಡೂ ಅದೇ ಎರಡು ಕಾಲಂ ಅಗಲದಲ್ಲಿ, ಅದೇ ಶಾಯಿಯ ಚುಕ್ಕಿಗಳಲ್ಲಿ ಅಚ್ಚಾಗಿ ಬಂದಾಗ ಓದುಗನಿಗೆ ಉಳಿಯುವುದು ಕೃತಿಯ ನೆರಳು ಮಾತ್ರ. ಆ ನೆರಳು ಯಾವ ವಸ್ತುವಿನದೆಂದು ತಿಳಿಯುವ ದಾರಿಯೂ ಅವನಿಗಿಲ್ಲ.

ಇದು ಅಡಿಬರಹದ ಸಣ್ಣ ಲೋಪ, ಇದಕ್ಕೆ ಇಷ್ಟು ಉದ್ದದ ಪತ್ರ ಬೇಕೆ ಎಂದು ಕೇಳುವವರಿರಬಹುದು. ನನ್ನ ಅಭಿಪ್ರಾಯದಲ್ಲಿ ಲೋಪ ಸಣ್ಣದಲ್ಲ. ಒಂದು ಚಿತ್ರ ವಿಚಿತ್ರವಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅದು ಪ್ರಯೋಗವಾಗುವುದಿಲ್ಲ, ತೀರ ಸಾದಾ ಕಾಣುತ್ತದೆ ಎಂಬ ಕಾರಣಕ್ಕೆ ಅದರ ಹಿಂದೆ ಪ್ರಯೋಗ ನಡೆದಿಲ್ಲವೆಂದೂ ಹೇಳಲಾಗದು. ಪ್ರಯೋಗವಿರುವುದು ಕೆಲಸ ಮಾಡುವ ಕ್ರಮದಲ್ಲಿ: ಒಂದು ಪ್ರಶ್ನೆ ಇಟ್ಟುಕೊಳ್ಳುವುದು, ಒಂದೇ ಒಂದು ಅಂಶವನ್ನು ಬದಲಿಸಿ ನೋಡುವುದು, ಕಂಡದ್ದನ್ನು ಗುರುತು ಹಾಕಿಕೊಳ್ಳುವುದು, ಮತ್ತೆ ಮಾಡುವುದು. ಕ್ರಮವನ್ನು ಮುಚ್ಚಿಟ್ಟು ಫಲವನ್ನಷ್ಟೇ ತೋರಿಸಿದರೆ, ಪ್ರಯೋಗ ನಡೆದಿದೆಯೋ ಇಲ್ಲವೋ ಎಂಬುದನ್ನು ಓದುಗನೂ ಹೇಳಲಾರ, ವಿಮರ್ಶಕನೂ ಹೇಳಲಾರ.

ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆಮೆಣಸಿನಕಾಯಿಯ ಛಾಯಾಚಿತ್ರವನ್ನು ನೋಡಿದವರಿಗೆ ಅದರಲ್ಲಿ ಮಾನವ ದೇಹದ ಬಾಗು, ತಿರುವು, ಸ್ನಾಯುಗಳ ಉಬ್ಬು ಕಾಣಿಸುತ್ತವೆ. ನೋಟಕ್ಕೆ ಅಲ್ಲಿ ಯಾವ ಚಮತ್ಕಾರವೂ ಇಲ್ಲ. ಕಪ್ಪು–ಬಿಳುಪಿನ ಒಂದು ತರಕಾರಿ, ಅಷ್ಟೇ. ಆದರೆ ಅದರ ಹೆಸರು 'ಪೆಪ್ಪರ್ ಸಂಖ್ಯೆ 30'. ಅದೇ ವಿಷಯದ ಮೇಲೆ ಅದಕ್ಕೂ ಮೊದಲು ನಡೆದ ಕೆಲಸದ ಲೆಕ್ಕ ಆ ಸಂಖ್ಯೆಯಲ್ಲಿದೆ. ಬೇರೆ ಬೇರೆ ಹಿನ್ನೆಲೆಗಳ ಮುಂದೆ ಇಟ್ಟು ನೋಡಿದ ಮೇಲೆ ವೆಸ್ಟನ್ ಕಾಯಿಯನ್ನು ಒಂದು ತಗಡಿನ ಆಲಿಕೆಯ ಬಾಯೊಳಗೆ ಕೂರಿಸಿದ. ತಗಡಿನ ಒಳಮೈಯಿಂದ ಹಿಂದಿರುಗಿದ ಬೆಳಕು ಕಾಯಿಯ ಅಂಚುಗಳನ್ನು ಎಲ್ಲ ಕಡೆಯಿಂದ ಮೃದುವಾಗಿ ತಾಕಿತು, ಹಿನ್ನೆಲೆ ತಾನಾಗಿ ಕಪ್ಪಾಯಿತು, ಆಕಾರ ಎದ್ದು ನಿಂತಿತು. ಈ ಆಲಿಕೆಯ ವಿಷಯ ತಿಳಿದ ಮೇಲೆ ಚಿತ್ರದ ಸೊಗಸು ಕಡಿಮೆಯಾಯಿತೆಂದು ಹೇಳಿದವರನ್ನು ನಾನು ಕಂಡಿಲ್ಲ. ಎರಡನೆಯ ಸಲ ನೋಡುವಾಗ ಕಣ್ಣು ಅಂಚಿನ ಬೆಳಕಿನ ಮೇಲೆ ನಿಲ್ಲುತ್ತದೆ.

ಚಿತ್ರಕಲೆಯಲ್ಲಿ ಇಂಥ ಶಿಸ್ತಿಗೆ ಜೋಸೆಫ್ ಆಲ್ಬರ್ಸ್‌ನಷ್ಟು ನಿಚ್ಚಳ ಉದಾಹರಣೆ ಇನ್ನೊಂದಿಲ್ಲ. 1950ರಲ್ಲಿ ಆರಂಭಿಸಿ 1976ರಲ್ಲಿ ತೀರಿಕೊಳ್ಳುವ ತನಕ ಅವನು ಚೌಕದೊಳಗೊಂದು ಚೌಕ ಕೂರುವ ಒಂದೇ ವಿನ್ಯಾಸವನ್ನು ಸಾವಿರಕ್ಕೂ ಹೆಚ್ಚು ಬಾರಿ ಬಿಡಿಸಿದ. ವಿನ್ಯಾಸ ಬಹುತೇಕ ಕದಲಲಿಲ್ಲ, ಬಣ್ಣ ಮಾತ್ರ ಬದಲಾಯಿತು. ಕೊಳವೆಯಿಂದ ಹಿಂಡಿದ ಬಣ್ಣವನ್ನು ಬೆರೆಸದೆ ಚಾಕುವಿನಿಂದ ಹಲಗೆಯ ಮೇಲೆ ಎಳೆಯುತ್ತಿದ್ದ. ಬಳಸಿದ ಬಣ್ಣ ಯಾವುದು, ಯಾವ ತಯಾರಕರದು ಎಂಬುದನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದ. ಅದೇ ಹಳದಿ ಒಂದು ಚಿತ್ರದಲ್ಲಿ ಮುಂದೆ ಬಂದು, ಇನ್ನೊಂದರಲ್ಲಿ ಹಿಂದೆ ಸರಿದಂತೆ ಕಾಣುವುದಕ್ಕೆ ಪಕ್ಕದ ಬಣ್ಣವೇ ಕಾರಣವೆಂದು ಅವನು ಖಚಿತವಾಗಿ ಹೇಳಬಲ್ಲವನಾದದ್ದು ಉಳಿದೆಲ್ಲವನ್ನೂ ಸ್ಥಿರವಾಗಿ ಇಟ್ಟದ್ದರಿಂದ. ಅಂಥ ಒಂದು ಚೌಕವನ್ನು ಕಲಾಪುಟದಲ್ಲಿ ಒಂಟಿಯಾಗಿ, ಅಡಿಬರಹವಿಲ್ಲದೆ ಮುದ್ರಿಸಿದರೆ ಅದು ನೆಲಹಾಸಿನ ಮಾದರಿಯಂತೆ ಕಂಡರೂ ಆಶ್ಚರ್ಯವಿಲ್ಲ.

ಛಾಯಾಗ್ರಹಣದ ಹುಟ್ಟೇ ಇಂಥ ಪಟ್ಟುಬಿಡದ ಪರೀಕ್ಷೆಗಳಿಂದ ಆದದ್ದು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1816ರಲ್ಲಿಯೇ ಬೆಳ್ಳಿಯ ಲವಣ ಬಳಿದ ಕಾಗದದ ಮೇಲೆ ಕ್ಯಾಮೆರಾದ ಬಿಂಬವನ್ನು ಹಿಡಿದಿದ್ದ, ಆದರೆ ಅದನ್ನು ಉಳಿಸಿಕೊಳ್ಳುವ ಉಪಾಯ ಅವನಿಗೆ ಹೊಳೆಯಲಿಲ್ಲ. ಬೆಳಕಿಗೆ ತಂದೊಡನೆ ಇಡೀ ಕಾಗದ ಕಪ್ಪಾಗುತ್ತಿತ್ತು. ಹತ್ತು ವರ್ಷಗಳ ನಂತರ, 1826–27ರ ಸುಮಾರಿಗೆ, ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಬಿಟುಮೆನ್ ಎಂಬ ಡಾಂಬರಿನಂಥ ವಸ್ತುವನ್ನು ಲೋಹದ ಫಲಕಕ್ಕೆ ಲೇಪಿಸಿ, ಗಟ್ಟಿಯಾಗದೆ ಉಳಿದ ಭಾಗವನ್ನು ಲ್ಯಾವೆಂಡರ್ ಎಣ್ಣೆಯಿಂದ ತೊಳೆದು ತೆಗೆದ. ಕಿಟಕಿಯಿಂದ ಕಂಡ ಛಾವಣಿಗಳ ಆ ಮಸುಕು ಚಿತ್ರ ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು. ಫಲಕವನ್ನು ಕನಿಷ್ಠ ಎಂಟು ಗಂಟೆ ಬೆಳಕಿಗೆ ಒಡ್ಡಿದ್ದರಿಂದ, ಅಷ್ಟರಲ್ಲಿ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗಿ, ಅಂಗಳದ ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಮನುಷ್ಯನ ಕಣ್ಣು ಎಂದೂ ಒಟ್ಟಿಗೆ ಕಾಣಲಾಗದ ಬೆಳಕು ಅದು. ಛಾಯಾಚಿತ್ರ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ ಎಂಬ ನಂಬಿಕೆಗೆ ಆ ಮೊದಲ ಚಿತ್ರದಲ್ಲೇ ಅಪವಾದವಿದೆ.

ಆ ಕಾಲದ ಇನ್ನೊಂದು ಸಂಗತಿ ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಬೆಳ್ಳಿಯ ಲವಣಗಳನ್ನು ಕರಗಿಸುವ 'ಹೈಪೊ' ಎಂಬ ರಾಸಾಯನಿಕದ ಗುಣವನ್ನು 1819ರಲ್ಲಿಯೇ ಗುರುತಿಸಿ ಪ್ರಕಟಿಸಿದ್ದ. 1839ರಲ್ಲಿ, ಛಾಯಾಗ್ರಹಣದ ಮೊದಲಿಗರಲ್ಲೊಬ್ಬನಾದ ಫ್ರಾನ್ಸಿನ ದಾಗೆರ್‌ನ ಆವಿಷ್ಕಾರದ ಸುದ್ದಿ ತಲುಪಿದಾಗ ಬಿಂಬವನ್ನು ಸ್ಥಿರಗೊಳಿಸಲು ಅದನ್ನೇ ಬಳಸಬಹುದೆಂದು ಅವನು ಕೂಡಲೇ ಕಂಡುಕೊಂಡ. ನಂತರ ಕತ್ತಲ ಕೋಣೆಗಳಲ್ಲೆಲ್ಲ ಬಳಕೆಗೆ ಬಂದ ಫಿಕ್ಸರ್ ಅದೇ. ಇಪ್ಪತ್ತು ವರ್ಷ ಸುಮ್ಮನೆ ಬಿದ್ದಿದ್ದ ಒಂದು ಟಿಪ್ಪಣಿ ಒಂದು ಕಲೆಗೆ ಆಯುಷ್ಯ ಕೊಟ್ಟಿತು. ಅದನ್ನು ಅವನು ಬರೆದಿಡದೇ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಹರ್ಷೆಲ್‌ನೇ 1842ರಲ್ಲಿ ರೂಪಿಸಿದ, ನೀಲಿ ಬಣ್ಣದ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದಕ್ಕೆ ಅನುಮತಿ ಕೋರುತ್ತೇನೆ, ಏಕೆಂದರೆ ಅದು ನಾನು ದಿನವೂ ಕೈಯಾರೆ ಮಾಡುವ ಕೆಲಸ. ಅಮೋನಿಯಂ ಫೆರಿಕ್ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ದ್ರಾವಣಗಳನ್ನು ಮಂದ ಬೆಳಕಿನಲ್ಲಿ ಬೆರೆಸಿ ಕಾಗದಕ್ಕೆ ಕುಂಚದಿಂದ ಬಳಿದು ಒಣಗಿಸಿದರೆ ಕಾಗದ ಹಳದಿ ಮಿಶ್ರಿತ ಹಸಿರಾಗುತ್ತದೆ. ಅದರ ಮೇಲೆ ನೆಗೆಟಿವನ್ನೋ ಒಂದು ಜರಿಗಿಡದ ಎಲೆಯನ್ನೋ ಇಟ್ಟು, ಗಾಜು ಮುಚ್ಚಿ ಬಿಸಿಲಿಗೆ ಒಡ್ಡಿದಾಗ ಬಣ್ಣ ಮೊದಲು ನೀಲಿಗೆ ತಿರುಗಿ, ಆಮೇಲೆ ಹಳೆಯ ಕಂಚಿನಂಥ ಬೂದುಬಣ್ಣಕ್ಕೆ ಬರುತ್ತದೆ. ಹೊಸದಾಗಿ ಕಲಿಯುವವರು ನೀಲಿ ಕಂಡೊಡನೆ ಕೆಲಸ ಮುಗಿಯಿತೆಂದು ಎತ್ತಿಬಿಡುತ್ತಾರೆ; ಆ ಬೂದುಬಣ್ಣದವರೆಗೆ ಕಾದವರಿಗೆ ಮಾತ್ರ ಗಾಢ ನೀಲಿ ದಕ್ಕುತ್ತದೆ. ನೀರಿನಲ್ಲಿ ತೊಳೆದಾಗ ಬೆಳಕು ತಾಕದ ಭಾಗದ ರಾಸಾಯನಿಕ ಹಳದಿಯಾಗಿ ಕರಗಿ ಹರಿದುಹೋಗುತ್ತದೆ, ಬೆಳಕು ತಾಕಿದ ಕಡೆ ನೀಲಿ ಉಳಿದು, ಗಾಳಿಗೆ ಒಣಗುತ್ತ ಮರುದಿನದ ಹೊತ್ತಿಗೆ ಇನ್ನಷ್ಟು ಗಾಢವಾಗುತ್ತದೆ.

ಇಷ್ಟು ಸರಳ ವಿಧಾನದಲ್ಲಿಯೂ ಬದಲಿಸಿ ನೋಡಬಹುದಾದ ಅಂಶಗಳು ಅನೇಕ. ಕಾಗದವನ್ನು ಹಳದಿಯಾಗದಂತೆ ಕಾಪಾಡಲೆಂದು ಅದರಲ್ಲಿ ಸುಣ್ಣದ ಅಂಶ ಸೇರಿಸಿದ್ದರೆ ನೀಲಿ ಪೇಲವವಾಗುತ್ತದೆ, ಕ್ಷಾರಕ್ಕೂ ಈ ನೀಲಿಗೂ ಆಗಿಬರುವುದಿಲ್ಲ. ಮೊದಲ ತೊಳೆತದ ನೀರಿಗೆ ತುಸು ವಿನಿಗರ್ ಬೆರೆಸಿದರೆ ನಡುವಿನ ತಿಳಿನೀಲಿಗಳು ಹೆಚ್ಚು ಉಳಿಯುತ್ತವೆ. ಮುಗಿದ ಮುದ್ರಣವನ್ನು ವಾಷಿಂಗ್ ಸೋಡಾದ ತೆಳು ನೀರಿನಲ್ಲಿ ಅದ್ದಿದರೆ ನೀಲಿ ಕಣ್ಣೆದುರಿಗೇ ಹಳದಿಗೆ ಇಳಿಯುತ್ತದೆ. ಅದನ್ನು ತೊಳೆದು ಗಟ್ಟಿ ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿಟ್ಟರೆ ಚಹಾದ ಟ್ಯಾನಿನ್ ಕಾಗದದಲ್ಲಿ ಉಳಿದ ಕಬ್ಬಿಣದೊಂದಿಗೆ ಸೇರಿ ಕಂದುಗಪ್ಪು ಬಣ್ಣ ಬರುತ್ತದೆ. ಇವೆಲ್ಲವನ್ನೂ ಒಂದೇ ಕಾಗದದ ಮೇಲೆ ಒಂದೇ ಸಲ ಮಾಡಿದವನಿಗೆ ಕೊನೆಗೆ ಒಂದು ಸುಂದರ ಚಿತ್ರ ಸಿಕ್ಕೀತು, ಆದರೆ ಅದು ಯಾವುದರಿಂದ ಬಂದಿತೆಂದು ಅವನಿಗೇ ಗೊತ್ತಿರುವುದಿಲ್ಲ. ಆದ್ದರಿಂದಲೇ ಈ ಕೆಲಸದಲ್ಲಿ ನುರಿತವರು ಮೊದಲು ಒಂದು ಪಟ್ಟಿ ಕಾಗದವನ್ನು ಪರೀಕ್ಷೆಗೆ ಇಡುತ್ತಾರೆ: ರಟ್ಟಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ, ತೊಳೆದ ಮೇಲೆ ಆ ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗಿನ ಮೆಟ್ಟಿಲುಗಳು ಕಾಣುತ್ತವೆ. ಕಾಗದ ಯಾವುದು, ಎಷ್ಟು ಲೇಪ, ಎಷ್ಟು ನಿಮಿಷ, ಮೋಡವಿತ್ತೋ ಇಲ್ಲವೋ ಎಂದು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾರೆ, ಪೆನ್ನಿನ ಶಾಯಿ ನೀರಿನಲ್ಲಿ ಹರಡುತ್ತದೆ ಎಂಬ ಕಾರಣಕ್ಕೆ. ಪ್ರದರ್ಶನದ ಗೋಡೆಯ ಮೇಲೆ ಈ ಪಟ್ಟಿಗಳು ಎಂದೂ ಏರುವುದಿಲ್ಲ.

ವಿಧಾನದ ಹೆಸರನ್ನು ಮಾತ್ರ ಹೇಳಿದರೂ ಸಾಲದು ಎಂಬುದಕ್ಕೆ ಫೋಟೊಗ್ರಾಂ ಸಾಕ್ಷಿ. ಕ್ಯಾಮೆರಾ ಇಲ್ಲದೆ, ವಸ್ತುವನ್ನೇ ಕಾಗದದ ಮೇಲಿಟ್ಟು ಬೆಳಕಿಗೆ ಒಡ್ಡುವ ವಿಧಾನವಿದು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ 1843ರಿಂದ ಕಡಲಪಾಚಿಗಳನ್ನು ಸಯನೋಟೈಪ್ ಕಾಗದದ ಮೇಲೆ ಹರಡಿ ಅಚ್ಚು ತೆಗೆದು ಬಿಡಿ ಭಾಗಗಳಾಗಿ ಹೊರತಂದದ್ದು ಛಾಯಾಚಿತ್ರಗಳಿಂದ ಕೂಡಿದ ಮೊದಲ ಪುಸ್ತಕವೆಂದು ಹೆಸರಾಗಿದೆ. ಆಕೆಗೆ ಬೇಕಿದ್ದದ್ದು ಸಸ್ಯದ ನಿಖರ ರೂಪ, ಕೈಯಿಂದ ಬಿಡಿಸಿದರೆ ತಪ್ಪಿಹೋಗುವ ಎಳೆಗಳ ಕವಲು. 1920ರ ದಶಕದ ಮೊದಲಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಕಲಾವಿದ ಮ್ಯಾನ್ ರೇ ದಿನಬಳಕೆಯ ಚಿಕ್ಕಪುಟ್ಟ ವಸ್ತುಗಳನ್ನು ಬೆಳ್ಳಿ ಲೇಪದ ಕಾಗದದ ಮೇಲೆ ಇಟ್ಟಾಗ ಅವನಿಗೆ ನಿಖರತೆಯ ಗೊಡವೆಯೇ ಇರಲಿಲ್ಲ. ಪರಿಚಿತ ವಸ್ತು ಅಪರಿಚಿತವಾಗುವ ಕ್ಷಣ ಬೇಕಿತ್ತು. ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ಹಂಗೆರಿ ಮೂಲದ ಕಲಾವಿದ ಮೊಹೋಲಿ-ನಾಜ್‌ಗೆ ವಸ್ತುವೇ ಮುಖ್ಯವಾಗಿರಲಿಲ್ಲ, ಬೆಳಕನ್ನೇ ಬಣ್ಣದ ಹಾಗೆ ಬಳಸಿ ಚಿತ್ರ ಬರೆಯಬಹುದೇ ಎಂಬುದು ಅವನ ಪ್ರಶ್ನೆ. ವಿಧಾನ ಒಂದೇ, ಕೇಳಿದ ಪ್ರಶ್ನೆಗಳು ಬೇರೆ ಬೇರೆ. ವರದಿಗಾರರು ಕಲಾವಿದರನ್ನು ಕೇಳಬೇಕಾದದ್ದು 'ಹೇಗೆ ಮಾಡಿದಿರಿ' ಎಂಬುದರ ಜೊತೆಗೆ 'ಏನನ್ನು ತಿಳಿಯಲು ಹೊರಟಿರಿ' ಎಂಬುದನ್ನು ಕೂಡ.

ಕಲೆಯಲ್ಲಿ ಹೊಸದು ಹುಟ್ಟುವುದು ಆಕಸ್ಮಿಕದಿಂದ, ಅದನ್ನು ಬರೆದಿಡುವುದೆಲ್ಲ ಲೆಕ್ಕಿಗರ ಕೆಲಸ ಎಂಬ ಮಾತನ್ನು ಕಲಾವಲಯದಲ್ಲಿ ಆಗಾಗ ಕೇಳುತ್ತೇವೆ. ಆಕಸ್ಮಿಕಕ್ಕೆ ಪಾಲು ಇಲ್ಲವೆಂದು ನಾನೂ ಹೇಳಲಾರೆ. ಕತ್ತಲ ಕೋಣೆಯಲ್ಲಿ ಕಾಲಿನ ಮೇಲೆ ಏನೋ ಹರಿದಾಡಿದ್ದಕ್ಕೆ ಬೆಚ್ಚಿ ದೀಪ ಹಾಕಿದಾಗ, ಬಿಂಬ ಮೂಡಿಸುವ ಡೆವಲಪರ್ ದ್ರಾವಣದಲ್ಲಿದ್ದ ನೆಗೆಟಿವ್‌ಗಳಿಗೆ ಬೆಳಕು ತಗುಲಿತು ಎಂದು, ಮ್ಯಾನ್ ರೇ ಜೊತೆ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ ಲೀ ಮಿಲ್ಲರ್ ಮುಂದೆ ಹೇಳಿಕೊಂಡಿದ್ದಾಳೆ. ಆ ನೆಗೆಟಿವ್‌ಗಳಲ್ಲಿ ಕಪ್ಪು–ಬಿಳುಪು ಅರ್ಧಂಬರ್ಧ ತಿರುಗಿಹೋಗಿ, ಆಕೃತಿಯ ಸುತ್ತ ಗೆರೆ ಎಳೆದಂಥ ಅಂಚು ಮೂಡಿತ್ತು. ಈ ಪರಿಣಾಮ 19ನೆಯ ಶತಮಾನದಲ್ಲಿಯೇ ಬಲ್ಲವರಿಗೆ ಗೊತ್ತಿದ್ದದ್ದು. ಅವರಲ್ಲಿ ಹಲವರು ಅದನ್ನು ಕೆಟ್ಟುಹೋದ ಫಲಕವೆಂದು ಬದಿಗಿಟ್ಟಿದ್ದರು. ಮಿಲ್ಲರ್ ಮತ್ತು ಮ್ಯಾನ್ ರೇ ದೀಪವನ್ನು ಯಾವಾಗ ಹಾಕಬೇಕು, ಎಷ್ಟು ಹೊತ್ತು ಎಂಬುದನ್ನು ಮತ್ತೆಮತ್ತೆ ಮಾಡಿ ನೋಡಿ ಅದನ್ನು ಬೇಕೆಂದಾಗ ಬರುವಂತೆ ಪಳಗಿಸಿಕೊಂಡರು. ಬೆಳಕು ತಗುಲಿದ್ದು ಆಕಸ್ಮಿಕವಾದರೂ ಆಮೇಲಿನದೆಲ್ಲ ದುಡಿಮೆ.

ರವೀಂದ್ರನಾಥ ಟ್ಯಾಗೋರರ ಚಿತ್ರಕಲೆಯೂ ಇದೇ ಬಗೆಯಲ್ಲಿ ಆರಂಭವಾಯಿತು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಟುಗಳನ್ನು ಒಂದಕ್ಕೊಂದು ಜೋಡಿಸುತ್ತ ಅವರು ಹಕ್ಕಿಯೋ ಮೃಗವೋ ಎಂದು ಹೇಳಲಾಗದ ಆಕಾರಗಳನ್ನು ಬೆಳೆಸಿದರು; ಆ ಅಭ್ಯಾಸ ಬೆಳೆದು ಎಪ್ಪತ್ತಕ್ಕೆ ಸಮೀಪಿಸಿದ ವಯಸ್ಸಿನಲ್ಲಿ, 1930ರಲ್ಲಿ, ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಆ ಹಸ್ತಪ್ರತಿಗಳು ಉಳಿದಿರದಿದ್ದರೆ ಅವರ ಚಿತ್ರಗಳಲ್ಲಿ ಮರಳಿ ಮರಳಿ ಬರುವ ಆ ಬಾಗಿದ, ಹೆಣೆದುಕೊಂಡ ಗೆರೆ ಎಲ್ಲಿಂದ ಬಂದಿತೆಂದು ನಮಗೆ ತಿಳಿಯುತ್ತಿರಲಿಲ್ಲ.

ಅಡ್ಡಿಯೂ ಪ್ರಯೋಗದ ಪ್ರೇರಣೆಯಾಗಬಲ್ಲದು. 1941ರ ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಹಾಸಿಗೆ, ಗಾಲಿಕುರ್ಚಿಗಳಲ್ಲಿ ಕಳೆಯಬೇಕಾದ ಫ್ರೆಂಚ್ ಚಿತ್ರಕಾರ ಮಾತೀಸ್, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದಗಳನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸುವ ಕ್ರಮಕ್ಕೆ ಹೊರಳಿದ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ 1956–57ರ ಸುಮಾರಿಗೆ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡ ಮೇಲೆಯೂ ಕಾಗದವನ್ನು ಬೆರಳಿನಿಂದ ಮಡಿಚಿ, ಕತ್ತರಿಸಿ ಚಿತ್ರ ಮಾಡಿದರು, 1970ರ ದಶಕದಲ್ಲಿ ಅಲ್ಲಿನ ಕಲಾಶಾಲೆಯಾದ ಕಲಾಭವನಕ್ಕೆ ಹೆಂಚಿನ ಬಿಲ್ಲೆಗಳ ದೊಡ್ಡ ಭಿತ್ತಿಚಿತ್ರವನ್ನೂ ರಚಿಸಿದರು. ಇಬ್ಬರ ಕಾಗದದ ಕೃತಿಗಳೂ ಅಕ್ಕಪಕ್ಕದಲ್ಲಿ ಒಂದೇ ಬಗೆಯವಾಗಿ ತೋರಬಹುದು. ಒಬ್ಬನಿಗೆ ಬಣ್ಣ ಕಣ್ಣೆದುರಿಗಿತ್ತು, ಇನ್ನೊಬ್ಬರಿಗೆ ಅದು ನೆನಪಿನಲ್ಲಿ ಮಾತ್ರ ಇತ್ತು ಎಂಬುದು ಚಿತ್ರದಿಂದ ತಾನಾಗಿ ಗೊತ್ತಾಗುವುದಿಲ್ಲ, ಯಾರಾದರೂ ಹೇಳಬೇಕು.

ಈ ವಿಷಯದಲ್ಲಿ ಮುದ್ರಣಕಲೆಯವರ ಸಂಪ್ರದಾಯ ಉಳಿದವರಿಗಿಂತ ಮೇಲು. ಫಲಕವನ್ನು ತಿದ್ದುವ ಪ್ರತಿ ಹಂತದಲ್ಲಿ ಒಂದು ಪ್ರತಿ ತೆಗೆದಿಡುವುದು ಅವರ ರೂಢಿ. ರೆಂಬ್ರಾಂಟ್ 1653ರಲ್ಲಿ ಕೆತ್ತಿದ 'ಮೂರು ಶಿಲುಬೆಗಳು' ಎಂಬ ಫಲಕದ ಮೊದಲ ಹಂತಗಳಲ್ಲಿ ಸುತ್ತಲಿನ ಜನರ ಮುಖಗಳು ಬಿಡಿಬಿಡಿಯಾಗಿ ಕಾಣುತ್ತವೆ. ನಾಲ್ಕನೆಯ ಹಂತದಲ್ಲಿ ಅವನು ಅದೇ ತಾಮ್ರದ ಮೇಲೆ ಒರಟು ಗೆರೆಗಳನ್ನು ಗೀರಿ, ಅನೇಕ ಆಕೃತಿಗಳನ್ನು ಅಳಿಸಿ, ಇಡೀ ದೃಶ್ಯವನ್ನು ಕತ್ತಲಲ್ಲಿ ಮುಳುಗಿಸಿದ. ಪಿಕಾಸೊ 1945ರ ಕೊನೆಯಿಂದ 1946ರ ಮೊದಲವರೆಗೆ ಒಂದೇ ಕಲ್ಲಚ್ಚಿನ ಮೇಲೆ ಗೂಳಿಯ ಚಿತ್ರವನ್ನು ತಿದ್ದುತ್ತ ಹೋಗಿ 11 ಹಂತಗಳನ್ನು ಅಚ್ಚು ಹಾಕಿಸಿದ. ತುಂಬಿದ ಮೈಯ ಭಾರಿ ಪ್ರಾಣಿಯಾಗಿ ತೊಡಗಿದ್ದು ಕೊನೆಯ ಹಂತದಲ್ಲಿ ಕೆಲವೇ ಗೆರೆಗಳಾಗಿ ಉಳಿಯುತ್ತದೆ. ಆ ಕೊನೆಯ ಚಿತ್ರವನ್ನು ಮಾತ್ರ ಕಂಡವರು 'ಇದನ್ನು ಯಾವ ಮಗುವೂ ಗೀಚೀತು' ಎನ್ನುತ್ತಾರೆ. 11ನ್ನೂ ಸಾಲಾಗಿ ಕಂಡವರು ಆ ಮಾತು ಆಡುವುದಿಲ್ಲ. ವರ್ಣಚಿತ್ರದಲ್ಲಿ ಹಂತಗಳು ಒಂದರ ಮೇಲೊಂದು ಮುಚ್ಚಿಹೋಗುವುದರಿಂದ ಅಲ್ಲಿ ಛಾಯಾಚಿತ್ರವೇ ನೆರವಿಗೆ ಬರಬೇಕು. 1937ರಲ್ಲಿ 'ಗೆರ್ನಿಕಾ' ರೂಪುಗೊಳ್ಳುತ್ತಿದ್ದಾಗ ಛಾಯಾಗ್ರಾಹಕಿ ಡೋರಾ ಮಾರ್ ಅದರ ಹಂತಗಳನ್ನು ಚಿತ್ರೀಕರಿಸಿದ್ದರಿಂದಲೇ, ಪಿಕಾಸೊ ಮೊದಲು ಬರೆದು ಆಮೇಲೆ ಕೈಬಿಟ್ಟ ಮೇಲೆತ್ತಿದ ಮುಷ್ಟಿ ಇಂದು ನಮಗೆ ನೋಡಲು ಸಿಗುತ್ತದೆ.

ಛಾಯಾಗ್ರಾಹಕರಲ್ಲಿ ಈ ರೂಢಿ ಏಕೋ ಬೆಳೆಯಲಿಲ್ಲ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲಿನ ಚಂದ್ರೋದಯವನ್ನು ಒಂದೇ ನೆಗೆಟಿವ್‌ನಲ್ಲಿ ಹಿಡಿದ. ಆದರೆ ಮುಂದಿನ ದಶಕಗಳಲ್ಲಿ ಅದರಿಂದ ತೆಗೆದ ಪ್ರಿಂಟ್‌ಗಳನ್ನು ಅಕ್ಕಪಕ್ಕ ಇಟ್ಟರೆ, ಮೊದಮೊದಲಿನವುಗಳಲ್ಲಿ ಬೂದುಬಣ್ಣದ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ, ನಂತರದವುಗಳಲ್ಲಿ ಆಕಾಶ ಬಹುತೇಕ ಕಪ್ಪು. ನಡುವೆ, 1948ರಲ್ಲಿ, ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದ್ದೂ ಉಂಟು. ಚಿತ್ರದ ಕೆಳಗೆ ತೆಗೆದ ವರ್ಷವನ್ನು ಮಾತ್ರ ಬರೆದು ಪ್ರಿಂಟ್ ಮಾಡಿದ ವರ್ಷವನ್ನು ಬಿಟ್ಟರೆ, ಒಬ್ಬನ ಕಣ್ಣು ವಯಸ್ಸಿನೊಂದಿಗೆ ಹೇಗೆ ಬದಲಾಯಿತೆಂಬ ಕಥೆಯೇ ಕಳೆದುಹೋಗುತ್ತದೆ.

ಈಗಿನ ಸಾಧನಗಳ ಮಾತಿಗೆ ಬರುತ್ತೇನೆ. ಮೊಬೈಲ್ ಬಂದ ಮೇಲೆ ಪ್ರಯೋಗ ಸತ್ತಿತೆಂದು ಹಲುಬುವವರ ಸಾಲಿನಲ್ಲಿ ನಾನಿಲ್ಲ. ಫಿಲ್ಟರ್ ಒತ್ತುವುದು ಬೇರೆಯವರು ಆಗಲೇ ತೀರ್ಮಾನಿಸಿಟ್ಟ ಫಲವನ್ನು ಎತ್ತಿಕೊಳ್ಳುವುದು, ಅದರಲ್ಲಿ ತಿಳಿಯಲು ಏನೂ ಉಳಿದಿರುವುದಿಲ್ಲ ಎಂಬುದು ನಿಜ. ಆದರೆ ಅದೇ ಮೊಬೈಲ್‌ನಲ್ಲಿ ಶಟರ್ ವೇಗವನ್ನು ಮಾತ್ರ ಬದಲಿಸುತ್ತ, ನಿಂತ ಜಾಗ, ಹೊತ್ತು, ಚೌಕಟ್ಟು ಯಾವುದನ್ನೂ ಬದಲಿಸದೆ ಹರಿಯುವ ನೀರನ್ನೋ ನಡೆದುಹೋಗುವ ಜನರನ್ನೋ ತೆಗೆದವನು ಬಹಳಷ್ಟು ಕಲಿಯುತ್ತಾನೆ. ಕಚೇರಿಗಳಲ್ಲಿ ಕಾಗದಪತ್ರಕ್ಕೆ ಬಳಸುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಕೂಡ ಒಂದು ಒಳ್ಳೆಯ ಕ್ಯಾಮೆರಾ: ಅದು ಚಿತ್ರವನ್ನು ಒಮ್ಮೆಲೇ ಹಿಡಿಯದೆ ಗೆರೆ ಗೆರೆಯಾಗಿ ಓದುತ್ತ ಸಾಗುವುದರಿಂದ, ಗಾಜಿನ ಮೇಲಿಟ್ಟ ಕೈಯನ್ನು ದೀಪ ಚಲಿಸುವ ದಿಕ್ಕಿನಲ್ಲಿಯೇ ನಿಧಾನವಾಗಿ ಸರಿಸಿದರೆ ಬೆರಳುಗಳು ನೀಳವಾಗುತ್ತವೆ, ಎದುರು ದಿಕ್ಕಿನಲ್ಲಿ ಸರಿಸಿದರೆ ಮೊಟಕಾಗುತ್ತವೆ. ಯಾವ ತಂತ್ರಾಂಶವೂ ಬೇಡ. ಕೈಯ ವೇಗವೊಂದನ್ನೇ ಬದಲಿಸಿ ಸಾಲಾಗಿ ಮಾಡಿದರೆ, ಕಾಲವೇ ಚಿತ್ರದ ಉದ್ದವಾಗಿ ಮಾರ್ಪಡುವುದು ಕಣ್ಣಿಗೆ ಕಾಣುತ್ತದೆ.

ಚಿತ್ರಗಳನ್ನು ಬೆಸೆಯುವುದೂ ಕಂಪ್ಯೂಟರ್ ತಂದ ಪಿಡುಗಲ್ಲ. ಛಾಯಾಗ್ರಾಹಕ ಆಸ್ಕರ್ ರೇಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದು ಚಿತ್ರ ಮಾಡಿದ್ದ. ಆ ಕಾಲದ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಕಡಲು ಸರಿಯಾಗಿ ಬಂದರೆ ಆಕಾಶ ಬರಿ ಬಿಳಿಯಾಗುತ್ತಿತ್ತು; ಗುಸ್ತಾವ್ ಲ ಗ್ರೆ ಅದೇ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಈ ತೊಡಕನ್ನು ಬಿಡಿಸಿದ. ತಕರಾರು ಇರಬೇಕಾದದ್ದು ಬೆಸೆದದ್ದನ್ನು ಬೆಸೆದಿಲ್ಲವೆಂದು ನಂಬಿಸುವುದರ ಬಗ್ಗೆ. ಸುದ್ದಿಚಿತ್ರಕ್ಕೆ ಇರುವ ನಿಯಮ, ಅಂದರೆ ಇದ್ದದ್ದನ್ನು ತೆಗೆಯಕೂಡದು, ಇಲ್ಲದ್ದನ್ನು ಸೇರಿಸಕೂಡದು ಎಂಬುದು, ಕಟ್ಟುನಿಟ್ಟಾಗಿಯೇ ಉಳಿಯಬೇಕು. ಅದೇ ನಿಯಮವನ್ನು ಕಲಾಚಿತ್ರದ ಮೇಲೆ ಹೇರುವುದು ಅನ್ಯಾಯ. ಎರಡನ್ನೂ ಓದುಗನಿಗೆ ಬೇರ್ಪಡಿಸಿ ತೋರಿಸುವುದು ಅಡಿಬರಹದ ಒಂದು ಸಾಲು ಮಾತ್ರ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರಕ್ಕೆ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಗಳ ಮುಕ್ತ ಸ್ಪರ್ಧೆಯ ಸೃಜನಶೀಲ ವಿಭಾಗದಲ್ಲಿ ಬಹುಮಾನ ಬಂದಾಗ, ಅದು ಛಾಯಾಚಿತ್ರವೇ ಅಲ್ಲವೆಂದು ಅವರೇ ಬಹುಮಾನವನ್ನು ನಿರಾಕರಿಸಿದರು. ಮುಗಿದ ಚಿತ್ರವನ್ನು ಮಾತ್ರ ನೋಡಿ ಅದು ಆದ ಬಗೆಯನ್ನು ಊಹಿಸುವ ಕಾಲ ಮುಗಿಯಿತೆನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾಗಿಲ್ಲ. ಕೃತಕ ಬುದ್ಧಿಮತ್ತೆಯನ್ನು ಬಳಸುವವರಿಗೂ ನಾನು ಕೇಳುವುದು ಅದೇ ಪ್ರಶ್ನೆ: ಸೂಚನೆಯಲ್ಲಿ ಏನನ್ನು ಬದಲಿಸಿದಿರಿ, ಬಂದವುಗಳಲ್ಲಿ ಯಾವುದನ್ನು ತಿರಸ್ಕರಿಸಿದಿರಿ, ಏಕೆ? ಉತ್ತರವಿದ್ದರೆ ಅಲ್ಲಿಯೂ ಪ್ರಯೋಗವಿದೆ.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದನ್ನು ನಾನು ಗೌರವಿಸುತ್ತೇನೆ. ಕೃತಿ ತಾನೇ ಮಾತನಾಡಬೇಕು, ಪಕ್ಕದಲ್ಲಿ ವಿವರಣೆ ನಿಂತರೆ ನೋಡುಗ ಚಿತ್ರವನ್ನು ಬಿಟ್ಟು ವಿವರಣೆಯನ್ನೇ ಓದಿ ಮುಂದೆ ಹೋಗುತ್ತಾನೆ ಎಂಬುದು ಆ ಆಕ್ಷೇಪ. ಪ್ರದರ್ಶನದ ಗೋಡೆಯ ಮಟ್ಟಿಗೆ ಅದರಲ್ಲಿ ಹುರುಳಿದೆ. ಕಷ್ಟಪಟ್ಟು ಮಾಡಿದ್ದೆಂಬ ಒಂದೇ ಕಾರಣಕ್ಕೆ ನಿಸ್ಸಾರ ಚಿತ್ರವನ್ನು ಮೆಚ್ಚಿಸುವ ಉದ್ದುದ್ದದ ಫಲಕಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಆದರೆ ಪತ್ರಿಕೆಯ ಓದುಗ ಮೂಲಕೃತಿಯ ಮುಂದೆ ನಿಂತಿರುವುದಿಲ್ಲ. ಕಾಗದದ ಒರಟು, ಲೇಪದ ಅಂಚು, ಅಳತೆ, ಹೊಳಪು ಯಾವುದೂ ಅವನಿಗೆ ದೊರೆಯುವುದಿಲ್ಲ. ಕಣ್ಣಿಗೆ ದಕ್ಕದ್ದನ್ನು ಮಾತಿನಲ್ಲಿ ಕೊಡಬೇಕಾದ ಹೊಣೆ ಪತ್ರಿಕೆಯದು. ವಿಧಾನವನ್ನು ಹೇಳಿದರೆ ಬೇರೆಯವರು ಕದಿಯುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಹರ್ಷೆಲ್ ಸಯನೋಟೈಪನ್ನು ಮುಚ್ಚಿಟ್ಟಿದ್ದರೆ ಆಟ್ಕಿನ್ಸ್‌ರ ಪುಸ್ತಕವೇ ಇರುತ್ತಿರಲಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಇಷ್ಟು. ಕಲಾಪುಟದಲ್ಲಿ ಮುದ್ರಿಸುವ ಪ್ರತಿ ಕೃತಿಯ ಕೆಳಗೆ ಕಲಾವಿದರ ಹೆಸರಿನೊಂದಿಗೆ ಮಾಧ್ಯಮ, ಅಳತೆ, ವರ್ಷಗಳನ್ನು ಕೊಡಬೇಕು. ಈ ವಿವರ ಕಲಾವಿದರು ಚಿತ್ರದ ಜೊತೆ ಕಳುಹಿಸುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಪುಟ ಕಟ್ಟುವ ಅವಸರದಲ್ಲಿ ಬಿದ್ದುಹೋಗುವುದಷ್ಟೇ. ಛಾಯಾಚಿತ್ರವಾದರೆ ತೆಗೆದ ವರ್ಷ ಮತ್ತು ಪ್ರಿಂಟ್ ಮಾಡಿದ ವರ್ಷ ಎರಡೂ ಇರಲಿ, ಬೆಸೆದ ಚಿತ್ರವಾದರೆ ಹಾಗೆಂದು ನಮೂದಾಗಲಿ. ಛಾಯಾಚಿತ್ರ ಸ್ಪರ್ಧೆಗಳನ್ನು ನಡೆಸುವಾಗ ಅರ್ಜಿಯಲ್ಲಿ 'ಈ ಚಿತ್ರ ಆದ ಬಗೆ' ಎಂಬ ನಾಲ್ಕು ಸಾಲಿನ ಜಾಗವಿರಲಿ, ತೀರ್ಪುಗಾರರು ಚಿತ್ರವನ್ನು ಮೊದಲು ನೋಡಿ ಆಮೇಲೆ ಅದನ್ನು ಓದಲಿ. ಇದೆಲ್ಲಕ್ಕಿಂತ ನನಗೆ ಹೆಚ್ಚು ಆಸೆಯಿರುವುದು ಇನ್ನೊಂದರ ಮೇಲೆ: ಒಬ್ಬ ಕಲಾವಿದರ ಮುಗಿದ ಕೃತಿಯ ಪಕ್ಕದಲ್ಲಿ, ಅವರು ಕೈಬಿಟ್ಟ ಒಂದು ಪ್ರತಿಯನ್ನೋ ಪರೀಕ್ಷೆಯ ಪಟ್ಟಿಯನ್ನೋ ಮುದ್ರಿಸಿ, ಅದನ್ನು ಏಕೆ ಕೈಬಿಟ್ಟರೆಂದು ಅವರದೇ ಮಾತಿನಲ್ಲಿ ಬರೆಸಿ. ವಾರಕ್ಕೊಮ್ಮೆ ಕಷ್ಟವಾದರೆ ತಿಂಗಳಿಗೊಮ್ಮೆಯಾದರೂ ಸರಿ. ಎರಡು ಕಾಲಂ ಜಾಗವನ್ನು ಇಬ್ಭಾಗ ಮಾಡಿದರೆ ಎರಡೂ ಚಿತ್ರಗಳಿಗೆ ಸಾಲುತ್ತದೆ.

ಇತಿ,
ತಮ್ಮ ಓದುಗ